ಹುಬ್ಬುಗಳ ನಡುವಿನ ಹೆಸರು

ಅಜ್ಜ ತೀರಿಕೊಂಡ ಸುದ್ದಿಯನ್ನು ನಾನು ಎಷ್ಟು ಚೆನ್ನಾಗಿ ಹೇಳಿದೆನೆಂದರೆ, ಹನ್ನೆರಡು ಜನ ಒಟ್ಟಿಗೆ ಚಪ್ಪಾಳೆ ತಟ್ಟಿದರು.

ಗಾಬರಿಯಾಗಬೇಡಿ. ನನ್ನ ಅಜ್ಜ ಗಟ್ಟಿಮುಟ್ಟಾಗಿದ್ದಾರೆ, ಈಗಲೂ ಬೆಳಿಗ್ಗೆ ಎದ್ದು ಪಾರ್ಕಿಗೆ ಹೋಗಿ ಗೆಳೆಯರ ಜೊತೆ ಜಗಳ ಕಾಯುತ್ತಾರೆ. ಅದು ಮಂಗಳವಾರದ ಪಾಠ. 'ಬೆಚ್ಚಗಿನ ಕೈಗಳು' ಎಂಬ ನಮ್ಮ ಆನ್‌ಲೈನ್ ಸನ್ನೆ ಭಾಷೆಯ ಗುಂಪಿಗೆ ಅಂದು ಸಿಕ್ಕಿದ್ದ ವಾಕ್ಯ, 'ಹೋದ ವಾರ ನಮ್ಮ ಅಜ್ಜ ತೀರಿಕೊಂಡರು'. ನಾನು ನಗುನಗುತ್ತಾ ಕೈಯಾಡಿಸಿ ಹೇಳಿದೆ. ಪರದೆಯ ಪುಟ್ಟ ಪುಟ್ಟ ಚೌಕಗಳಲ್ಲಿ ಎರಡೆರಡು ಕೈಗಳು ಮೇಲೆದ್ದು ಅಲುಗಾಡಿದವು. ಸನ್ನೆ ಭಾಷೆಯಲ್ಲಿ ಚಪ್ಪಾಳೆ ಎಂದರೆ ಅದೇ.

"ಎಷ್ಟು ಚಂದ, ಗ್ಯುರಿ! ನಿನ್ನ ಕೈ ನೋಡ್ತಾ ಇದ್ರೆ ನೋಡ್ತಾನೇ ಇರೋಣ ಅನ್ಸುತ್ತೆ ಕಣೇ," ಎಂದರು ಗುಂಪನ್ನು ನಡೆಸುವ ಹ್ಯೋಸೂಕ್ ಅಕ್ಕ.

ಹದಿನಾಲ್ಕನೆಯ ಚೌಕದಲ್ಲಿ ಮಾತ್ರ ಕೈ ಮೇಲೇಳಲಿಲ್ಲ. ಅಲ್ಲಿ ಅಂದೇ ಸೇರಿದ ಒಬ್ಬ ಗಂಡಸು ಕೂತಿದ್ದ. ಎಡ ಹುಬ್ಬಿನಲ್ಲಿ ಒಂದು ಗಾಯದ ಗುರುತು, ತೋಳಿನ ಮೇಲೆ ಬಿಳಿ ಪುಡಿ. ಅವನು ಮುಂದಕ್ಕೆ ಬಾಗಿ ಏನೋ ಸರಸರನೆ ಸನ್ನೆ ಮಾಡಿದ. ನನಗೆ ಒಂದಕ್ಷರವೂ ತಿಳಿಯಲಿಲ್ಲ. ಬೇರೆಯವರಿಗೆ ತಿಳಿದಿರಬೇಕೆಂದು ನಾನು ಮುಗುಳ್ನಕ್ಕೆ. ಬೇರೆಯವರೂ ಹಾಗೇ ಅಂದುಕೊಂಡು ಮುಗುಳ್ನಗುತ್ತಿದ್ದರು.

"ಅಬ್ಬಾ, ಹೊಸಬರಾದ್ರೂ ಕೈ ಎಷ್ಟು ಚೆನ್ನಾಗಿ ತಿರುಗುತ್ತೆ! ಹೀಗೇ ಅಭ್ಯಾಸ ಮಾಡಿ, ಒಂದು ವರ್ಷದಲ್ಲಿ ನಮ್ಮ ಹಾಗೆ ಆಗ್ತೀರಿ," ಎಂದರು ಹ್ಯೋಸೂಕ್ ಅಕ್ಕ. ಮತ್ತೆ ಎಲ್ಲರ ಕೈ ಮೇಲಕ್ಕೆ.

ಅವನು ಕೀಬೋರ್ಡು ಹತ್ತಿರಕ್ಕೆ ಎಳೆದುಕೊಂಡು ಟೈಪ್ ಮಾಡಿದ.

'ನಾನು ಕೇಳಿದ್ದು ಏನಂದ್ರೆ, ನಿಮ್ಮಲ್ಲಿ ಯಾರಿಗಾದ್ರೂ ನನ್ನ ಮಾತು ಅರ್ಥ ಆಗ್ತಿದೆಯಾ ಅಂತ. ನಾನು ಹುಟ್ಟು ಕಿವುಡ.'

ಅದರ ಕೆಳಗೆ ಇನ್ನೊಂದು ಸಾಲು. 'ಏಳನೇ ಚೌಕದವರೇ, ನಿಮ್ಮ ಅಜ್ಜ ಸತ್ತರಾ, ಇಲ್ಲ ಅವರಿಗೆ ಮದುವೆ ಗೊತ್ತಾಯ್ತಾ?'

ಏಳನೇ ಚೌಕ ನನ್ನದು.

ನಮ್ಮ ಗುಂಪಿಗೆ ಗುರು ಅಂತ ಯಾರೂ ಇರಲಿಲ್ಲ. ಮೂರು ವರ್ಷದ ಹಿಂದೆ ಒಂದೇ ಆನ್‌ಲೈನ್ ಕೋರ್ಸು ಸೇರಿದ್ದವರು, ಕೋರ್ಸು ಮುಗಿದ ಮೇಲೂ ಬಿಟ್ಟಿರಲಾಗದೆ ವಾರಕ್ಕೆರಡು ಸಂಜೆ ಎಂಟು ಗಂಟೆಗೆ ಸೇರುತ್ತಿದ್ದೆವು. ನಾನು ಯೆಸೂಲಳನ್ನು ನೋಡಿ ಕಲಿತೆ, ಯೆಸೂಲ್ ಹ್ಯೋಸೂಕ್ ಅಕ್ಕನನ್ನು ನೋಡಿ ಕಲಿತಳು, ಹ್ಯೋಸೂಕ್ ಅಕ್ಕ ನನ್ನನ್ನು ನೋಡಿ ಕಲಿತರು. ಗುಂಪಿಗೆ ಇದ್ದದ್ದು ಒಂದೇ ನಿಯಮ, ಯಾರ ಮನಸ್ಸೂ ನೋಯಬಾರದು. ಒಬ್ಬರು ಸನ್ನೆ ಮಾಡಿದರೆ ಉಳಿದವರೆಲ್ಲ ತಲಾ ಒಂದು ಒಳ್ಳೆಯ ಮಾತು ಬರೆಯಬೇಕು. ನನಗಂತೂ ಅದು ಜೇನು. ಬುಪ್ಯೋಂಗ್ ಮಾರ್ಕೆಟ್ಟಿನಲ್ಲಿರುವ ನಮ್ಮ ಸೋದರಮಾವನ ಕನ್ನಡಕದ ಅಂಗಡಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಬಂದವರಿಗೆಲ್ಲ 'ನಿಮಗೆ ತುಂಬಾ ಒಪ್ಪುತ್ತೆ' ಅನ್ನುವವಳು ನಾನು. ಸಂಜೆ ನನಗೂ ಯಾರಾದರೂ ಹಾಗೆ ಅನ್ನಬೇಡವೇ?

ಅವನ ಹೆಸರು ಸಂಗ್ಯುನ್. ಡೆಂಟಲ್ ಲ್ಯಾಬೊಂದರಲ್ಲಿ ಹಲ್ಲಿನ ಸೆಟ್ ಮಾಡುವ ಕೆಲಸ. ತೋಳಿನ ಮೇಲಿದ್ದದ್ದು ಹಲ್ಲಿನ ಅಚ್ಚು ಎರೆಯುವ ಪುಡಿ. ಇಲ್ಲಿಗೆ ಯಾಕೆ ಬಂದಿರಿ ಎಂದು ಹ್ಯೋಸೂಕ್ ಅಕ್ಕ ವಿನಯದಿಂದ ಬರೆದು ಕೇಳಿದಾಗ ಅವನು ಟೈಪ್ ಮಾಡಿದ: 'ನಿಮ್ಮ ಗುಂಪಿನ ಒಂದು ವಿಡಿಯೋ ನೋಡಿದೆ. ಇದು ಯಾವ ದೇಶದ ಭಾಷೆ ಅಂತ ತಿಳ್ಕೊಳ್ಳೋ ಆಸೆ ಆಯ್ತು.'

ನನಗೆ ಮೈಯೆಲ್ಲ ಉರಿದುಹೋಯಿತು. ಒಂದು ವಾರ ಅವನ ಚೌಕದ ಕಡೆ ನೋಡಬಾರದೆಂದು ಹಟ ಹಿಡಿದೆ. ಆ ವಾರ ಅವನ ಚೌಕವನ್ನು ನೋಡಿದಷ್ಟು ನಾನು ಬೇರೇನನ್ನೂ ನೋಡಲಿಲ್ಲ.

ಎರಡನೆಯ ವಾರ ಹೆಸರಿನ ಮಾತು ಬಂತು. ಕಿವಿ ಕೇಳದವರ ನಡುವೆ ಪ್ರತಿಯೊಬ್ಬರಿಗೂ ಒಂದು ಸನ್ನೆಯ ಹೆಸರಿರುತ್ತದೆ. ನಾವೂ ಇಟ್ಟುಕೊಂಡಿದ್ದೆವು. ನಾನು ನಕ್ಷತ್ರ, ಯೆಸೂಲ್ ಚಿಟ್ಟೆ, ಹ್ಯೋಸೂಕ್ ಅಕ್ಕ ಹುಣ್ಣಿಮೆ. ಹೊಸಬನಿಗೆ 'ಚಿಗುರು' ಅಂತ ಇಡೋಣವೆಂದು ಯೆಸೂಲ್ ಸಂಭ್ರಮದಿಂದ ಬರೆದಳು.

ಅವನು ತೋರುಬೆರಳಿನಿಂದ ತನ್ನ ಎಡ ಹುಬ್ಬನ್ನು ಸರ್ರನೆ ಸೀಳಿದಂತೆ ಮಾಡಿದ. ಆಮೇಲೆ ಬರೆದ. 'ನನಗೆ ಹೆಸರಿದೆ. ಏಳು ವರ್ಷದವನಿದ್ದಾಗ ಜಾರುಬಂಡಿಯಿಂದ ಬಿದ್ದೆ. ಗಾಯ ಒಣಗೋ ಮೊದಲೇ ಸ್ಕೂಲಿನ ಹುಡುಗರು ಇಟ್ಟರು. ಈ ಹೆಸರನ್ನ ನಮಗೆ ನಾವೇ ಇಟ್ಕೊಳ್ಳೋದಿಲ್ಲ. ಕಿವುಡರು ನಿಮ್ಮನ್ನ ನೋಡಿ, ಗುರುತು ಹಿಡಿದು ಕೊಡಬೇಕು. ನಿಮಗೆ ನಕ್ಷತ್ರ ಅಂತ ಯಾರು ಕೊಟ್ಟರು?'

"ನಾವೇ..." ಎಂದೆ ಬಾಯಲ್ಲಿ. ಅದು ಅವನಿಗೆ ಕೇಳಿಸುವುದಿಲ್ಲ ಎಂಬುದು ಕೂಡ ಆ ಗಳಿಗೆಯಲ್ಲಿ ಮರೆತುಹೋಗಿತ್ತು.

ಮೂರನೆಯ ವಾರದ ಪಾಠದ ಮಧ್ಯೆ ನನ್ನ ಬೆಕ್ಕು ಮೇಜಿಗೆ ಹಾರಿ ಬಾರ್ಲಿ ಟೀ ಚೆಲ್ಲಿತು. ಪಾಠ ಮುಗಿದ ಮೇಲೆ ಅವನಿಂದ ನನಗೊಬ್ಬಳಿಗೇ ಮೆಸೇಜು ಬಂತು.

'ಟೀ ಚೆಲ್ಲಿದಾಗ ನಿಮ್ಮ ಎರಡು ಹುಬ್ಬುಗಳ ನಡುವೆ ಒಂದು ಗೆರೆ ಮೂಡಿತು. ಮೂರು ವಾರದಲ್ಲಿ ನಿಮ್ಮ ಮುಖ ನನಗೆ ಹೇಳಿದ ಮೊದಲ ಮಾತು ಅದು. ಸನ್ನೆ ಭಾಷೇಲಿ ಅರ್ಧ ಮಾತು ಮುಖಾನೇ ಆಡೋದು, ಸನ್ನೆ ಮಾಡೋವಾಗ ಆ ಮುಖ ತನ್ನಿ. ಆ ನಗು ಬೇಡ. ದಿನಾ ಬೇರೆಯವರ ನಗುವಿಗೆ ಹಲ್ಲು ಕೂರಿಸೋನು ನಾನು, ಕಟ್ಟಿಸಿದ್ದು ಯಾವುದು ಅಂತ ಗೊತ್ತಾಗುತ್ತೆ.'

'ನಿಮಗೆ ಒಳ್ಳೇ ಮಾತು ಆಡೋಕೆ ಬರೋದೇ ಇಲ್ವಾ?' ಎಂದು ಬರೆದೆ.

'ಈಗ ಆಡಿದ್ದು ಏನು ಮತ್ತೆ?'

ಮರುದಿನ ಅಂಗಡಿ ತೆರೆದದ್ದೇ ತಡ, ಕನ್ನಡಿಯ ಮುಂದೆ ನಿಂತೆ. ಕನ್ನಡಕದ ಅಂಗಡಿಯಲ್ಲಿ ಕನ್ನಡಿಗೇನು ಬರ? ಒಂದೊಂದರಲ್ಲೂ ಹುಬ್ಬು ಗಂಟಿಕ್ಕಿ ಆ ಗೆರೆಯನ್ನು ಹುಡುಕಿದೆ. "ಬೆಳಬೆಳಿಗ್ಗೆ ಯಾರ ಮೇಲಮ್ಮಾ ಕೋಪ?" ಎಂದರು ಮಾವ. ನಾನು ಫ್ರೇಮುಗಳನ್ನು ಒರೆಸತೊಡಗಿದೆ, ಒರೆಸಿದ್ದನ್ನೇ ಮತ್ತೆ ಒರೆಸಿದೆ.

ಆಮೇಲೆ ನನಗೆ ಒಂದು ಕಡೆ ಕೂರಲಾಗಲಿಲ್ಲ. ಫೋನು ಗುಂಯ್ ಅಂದರೆ ಕಷ್ಟ, ಅನ್ನದಿದ್ದರೆ ಅದಕ್ಕಿಂತ ಕಷ್ಟ. ವಿಡಿಯೋ ಪಾಠದ ದೊಡ್ಡ ಸಂಕಟವೆಂದರೆ ಯಾರು ಯಾರನ್ನು ನೋಡುತ್ತಿದ್ದಾರೆಂದು ಗೊತ್ತಾಗುವುದಿಲ್ಲ. ಎಲ್ಲರೂ ಪರದೆಯನ್ನೇ ನೋಡುತ್ತಿರುತ್ತಾರೆ. ಒಂದು ಶುಕ್ರವಾರ ಪರೀಕ್ಷೆ ಮಾಡಿಬಿಡೋಣವೆಂದು, ಯೆಸೂಲ್ ಸನ್ನೆ ಮಾಡುತ್ತಿದ್ದಾಗ ನಾನು ಮೆಲ್ಲಗೆ ಕೂದಲನ್ನು ಕಿವಿಯ ಹಿಂದೆ ಸರಿಸಿಕೊಂಡೆ. ಹದಿನಾಲ್ಕನೆಯ ಚೌಕದಲ್ಲಿ ಒಂದು ಕೈ ಮೇಲೆದ್ದು, ಗಿಡ್ಡ ಕ್ರಾಪಿನ ತಲೆಯಿಂದ ಇಲ್ಲದ ಕೂದಲೊಂದನ್ನು ಕಿವಿಯ ಹಿಂದೆ ಸರಿಸಿತು. ನಾನು ಮೂಗು ಉಜ್ಜಿದೆ. ಅವನೂ ಗಂಭೀರವಾಗಿ ಮೂಗು ಉಜ್ಜಿದ. ನಾನು ಕ್ಯಾಮೆರಾ ಆಫ್ ಮಾಡಿ ದಿಂಬಿನಲ್ಲಿ ಮುಖ ಹುದುಗಿಸಿದೆ.

ಅಷ್ಟೆಲ್ಲ ಆದಮೇಲೂ ಐದನೆಯ ವಾರ ನಾನು ಮಾಡಿದ್ದು ಏನು ಗೊತ್ತೇ?

ಯೆಸೂಲ್ ಒಂದು ಹಾಡನ್ನು ಸನ್ನೆಯಲ್ಲಿ ಮಾಡಿ ವಿಡಿಯೋ ಹಾಕಿದ್ದಳು. ಅದಕ್ಕೆ ಎಂಟು ಸಾವಿರ ಲೈಕು ಬಿದ್ದಿತ್ತು. ಗುಂಪಿನಲ್ಲಿ ಹಬ್ಬದ ವಾತಾವರಣ. 'ಕಣ್ಣಲ್ಲಿ ನೀರು ಬಂತು', 'ಮೈ ಜುಮ್ಮೆಂದಿತು' ಎಂದು ಒಬ್ಬೊಬ್ಬರೇ ಬರೆದರು. ಸಂಗ್ಯುನನ ಸರದಿ ಬಂದಾಗ ಅವನು ಬರೆದದ್ದು: 'ನನಗೆ ಒಂದು ಸಾಲೂ ಅರ್ಥ ಆಗಲಿಲ್ಲ. ಎಂಟು ಸಾವಿರದಲ್ಲಿ ಕಿವುಡರು ಎಷ್ಟು ಜನ? ಇದು ಯಾರಿಗೋಸ್ಕರ ಮಾಡಿದ್ದು?'

ಯೆಸೂಲಳ ಚೌಕ ಕಪ್ಪಾಯಿತು. ಅವಳ ಅಳು ಮಾತ್ರ ಮೈಕಿನಲ್ಲಿ ಕೇಳುತ್ತಿತ್ತು. ಅವನೊಬ್ಬನಿಗೆ ಅದು ಕೇಳಿಸುವಂತಿರಲಿಲ್ಲ, ಏನಾಯಿತೆಂದು ಹುಬ್ಬೇರಿಸಿ ಎಲ್ಲರ ಮುಖ ನೋಡುತ್ತಿದ್ದ.

"ಇಲ್ಲಿ ಎಲ್ಲರೂ ದಿನವಿಡೀ ದುಡಿದು ಸುಸ್ತಾಗಿ ಬರ್ತಾರೆ. ಮನಸ್ಸು ಮುರಿಯೋರು ನಮಗೆ ಬೇಡ," ಎಂದರು ಹ್ಯೋಸೂಕ್ ಅಕ್ಕ. ಕೆಟ್ಟವರಲ್ಲ ಅವರು. "ಇವರು ಇರಬಾರದು ಅನ್ನೋರು ಕೈ ಎತ್ತಿ." ಅದನ್ನೇ ಟೈಪ್ ಕೂಡ ಮಾಡಿದರು.

ಒಂದೊಂದಾಗಿ ಕೈಗಳೆದ್ದವು. ಹನ್ನೊಂದಾದವು. ಎಲ್ಲರೂ ಕಾಯುತ್ತಿದ್ದರು, ಅವನೂ ಕಾಯುತ್ತಿದ್ದ. ನಾನು ಕೈ ಎತ್ತಿದೆ. ಪೂರ್ತಿ ಎತ್ತಲಿಲ್ಲ, ಭುಜದವರೆಗೆ. ಅರ್ಧ ಎತ್ತಿದರೆ ಅರ್ಧ ಪಾಪ ಎಂದುಕೊಂಡೆನೇನೋ.

ಅವನು ನನ್ನನ್ನೇ ನೋಡುತ್ತಿದ್ದಾನೆಂದು ಆ ಸಲ ಪರೀಕ್ಷೆ ಮಾಡಬೇಕಾಗಲಿಲ್ಲ. ಕಿರುಬೆರಳಿನ ತುದಿಯನ್ನು ಗದ್ದಕ್ಕೆ ಎರಡು ಸಲ ಮುಟ್ಟಿಸಿದ. ಅದು ನಾವು ಮೊದಲ ವಾರವೇ ಕಲಿತಿದ್ದ ಸನ್ನೆ, 'ಪರವಾಗಿಲ್ಲ'. ಅವನ ಮುಖ ಮಾತ್ರ ಪರವಾಗಿಲ್ಲ ಅನ್ನಲಿಲ್ಲ. ಹದಿನಾಲ್ಕನೆಯ ಚೌಕ ಇಲ್ಲವಾಯಿತು, ಉಳಿದವು ಸರಿದು ಆ ಜಾಗ ತುಂಬಿಕೊಂಡವು.

ಆಮೇಲಿನ ದಿನಗಳಲ್ಲಿ ಗುಂಪು ಹಿಂದೆಂದಿಗಿಂತ ಸಿಹಿಯಾಯಿತು. ನಾನು ಏನು ಮಾಡಿದರೂ ಹೊಗಳಿದರು. ಒಂದು ದಿನ ಬೇಕೆಂದೇ ಅರ್ಥವಿಲ್ಲದ ಸನ್ನೆ ಮಾಡಿದೆ, ಬರೀ ಗಾಳಿಯಲ್ಲಿ ಕೈ ಬೀಸಿದೆ. 'ನಕ್ಷತ್ರ ಇವತ್ತು ಹೊಳೀತಾ ಇದ್ದಾಳೆ' ಎಂದು ಬಂತು. ಅವನಿಗೆ ಕ್ಷಮೆ ಕೇಳಲು ಫೋನು ತೆಗೆದು ಬರೆಯುತ್ತಿದ್ದೆ, ಅಳಿಸುತ್ತಿದ್ದೆ. ನನ್ನ ಮಾತುಗಳೇ ನನಗೆ ನಂಬಿಕೆಗೆ ಅರ್ಹವೆನಿಸುತ್ತಿರಲಿಲ್ಲ.

ಅದೇ ಹೊತ್ತಿಗೆ ಅಂಗಡಿಗೆ ಒಬ್ಬ ಅಜ್ಜಿ ಬಂದರು. ಕಿವಿ ತೋರಿಸಿ ಕೈಯಾಡಿಸಿದರು. "ಬಾರಮ್ಮ ಗ್ಯುರಿ, ನಿನ್ನ ವಿದ್ಯೆ ಈಗ ಕೆಲಸಕ್ಕೆ ಬಂತು ನೋಡು!" ಎಂದು ಮಾವ ಬೀಗಿದರು. ಪರೀಕ್ಷೆ ಮಾಡಿದೆ. ಬಲಗಣ್ಣು ಮುಚ್ಚಿದರೆ, ಯಾವ ಗ್ಲಾಸು ಹಾಕಿದರೂ ಎಡಗಣ್ಣಿಗೆ ದೊಡ್ಡಕ್ಷರಗಳೂ ಕಾಣುತ್ತಿರಲಿಲ್ಲ. ಇದು ಕನ್ನಡಕದಿಂದ ಆಗುವ ಕೆಲಸವಲ್ಲ. ನಾನು ಮೂರು ವರ್ಷ ಕಲಿತದ್ದನ್ನೆಲ್ಲ ಸೇರಿಸಿ ಸನ್ನೆ ಮಾಡಿದೆ: ಈ ಕಣ್ಣು ಚೆನ್ನಾಗಿಲ್ಲ, ಕೂಡಲೇ ಡಾಕ್ಟರ ಹತ್ತಿರ ಹೋಗಿ. ಅಜ್ಜಿ ಹೆದರಬಾರದೆಂದು ಚೆನ್ನಾಗಿ ನಕ್ಕೆ. ಅವರು ತಲೆಯಾಡಿಸಿ, ನನ್ನ ಕೆನ್ನೆ ತಟ್ಟಿ ಹೋದರು.

ಎರಡು ವಾರ ಬಿಟ್ಟು ಅಜ್ಜಿ ಮತ್ತೆ ಬಂದರು, ಒಂದು ಚೀಲ ಪರ್ಸಿಮನ್ ಹಣ್ಣಿನೊಂದಿಗೆ. ಎಡಗಣ್ಣು ತೋರಿಸಿದರು. ಹೆಬ್ಬೆರಳು ಎತ್ತಿದರು. ನನ್ನನ್ನು ತೋರಿಸಿ ಎರಡೂ ಕೈ ಜೋಡಿಸಿದರು. ಕಣ್ಣು ಚೆನ್ನಾಗಿದೆ ಅಂತ ಹೇಳಿದೆಯಲ್ಲ, ಅದಕ್ಕೆ ಈ ಹಣ್ಣು.

ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿದೆ.

ಫೋನು ತೆಗೆದೆ. ಈ ಸಲ ಅಳಿಸಲಿಲ್ಲ. 'ನಿಮ್ಮ ಕ್ಷಮೆ ಕೇಳೋ ಮುಖ ನನಗಿಲ್ಲ. ನಾನು ನಕ್ಕೊಂಡು ಹೇಳಿದ್ದಕ್ಕೆ ಒಬ್ಬ ಅಜ್ಜಿ ಆಸ್ಪತ್ರೆಗೇ ಹೋಗಿಲ್ಲ. ಅವರ ಕಣ್ಣು ಹೋಗ್ತಾ ಇದೆ. ಈಗ ಅಂಗಡೀಲಿ ಕೂತಿದ್ದಾರೆ. ಬರ್ತೀರಾ?' ಅಂಗಡಿಯ ವಿಳಾಸ ಹಾಕಿದೆ.

ಇಪ್ಪತ್ತು ನಿಮಿಷಕ್ಕೆ ಗಾಜಿನ ಬಾಗಿಲು ತಳ್ಳಿಕೊಂಡು ಬಂದ. ತೋಳಿನ ಮೇಲೆ ಅದೇ ಬಿಳಿ ಪುಡಿ. ಪರದೆಯಲ್ಲಿ ಕಂಡದ್ದಕ್ಕಿಂತ ಎತ್ತರ. ಅಷ್ಟು ದಿನ ಬೆರಳುಗಾತ್ರ ಕಂಡವನು ಇಡೀ ಬಾಗಿಲು ತುಂಬಿ ನಿಂತಾಗ ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಅವನು ನನ್ನ ಕಡೆ ಒಮ್ಮೆ ನೋಡಿ, ನೇರ ಅಜ್ಜಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತ. ಇಬ್ಬರೂ ಸನ್ನೆ ಮಾಡಿದರು. ಅಜ್ಜಿ ಏನೋ ಕೇಳಿದಾಗ ಅವನು ಉತ್ತರ ಕೊಡದೆ ಎದ್ದು ಪಕ್ಕಕ್ಕೆ ಸರಿದ. ನನಗೆ ತಿಳಿಯುವಂತೆ ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ ಸನ್ನೆ ಮಾಡಿದ.

"ಹೊಸ ವಿಷಯ ಇದೆ ಅಂತ ಮಾತ್ರ ಹೇಳಿದೀನಿ. ವಿಷಯ ನೀವು ಹೇಳಿ."

"ನನ್ನ ಕೈಲಾಗಲ್ಲ. ನೀವೇ ಹೇಳಿಬಿಡಿ, ನಿಮ್ಮ ಕಾಲಿಗೆ ಬೀಳ್ತೀನಿ."

"ನಕ್ಕಿದ್ದು ನೀವು. ನೀವೇ ವಾಪಸ್ ತಗೋಬೇಕು. ತಪ್ಪಿದ್ರೆ ನಾನಿದೀನಿ."

ನಾನು ಅಜ್ಜಿಯ ಎದುರು ಕೂತೆ. ಅಭ್ಯಾಸಬಲದಿಂದ ತುಟಿ ಅರಳತೊಡಗಿತು, ಹಲ್ಲು ಕಚ್ಚಿ ತಡೆದೆ. ನನ್ನ ಹೆದರಿಕೆ, ನಾಚಿಕೆ, ಎರಡು ವಾರ ವ್ಯರ್ಥ ಮಾಡಿದ ಸಂಕಟ ಎಲ್ಲವೂ ಮುಖಕ್ಕೆ ಬಂದವು, ಬರಲಿ ಎಂದು ಬಿಟ್ಟೆ. ಕಣ್ಣು ಚೆನ್ನಾಗಿಲ್ಲ. ಆವತ್ತೂ ಚೆನ್ನಾಗಿರಲಿಲ್ಲ. ನಾನು ತಪ್ಪು ಹೇಳಿದೆ. ಇವತ್ತೇ ಡಾಕ್ಟರ ಹತ್ತಿರ ಹೋಗಬೇಕು. ನನ್ನ ಕೈಗಳು ಅಂದು ಚಂದ ಇರಲಿಲ್ಲ, ತಡವರಿಸುತ್ತಿದ್ದವು. ಅಜ್ಜಿಯ ನಗು ಮೆಲ್ಲಗೆ ಇಳಿಯಿತು. ಅವರು ಎಡಗಣ್ಣನ್ನು ಅಂಗೈಯಿಂದ ಮುಚ್ಚಿ, ತೆರೆದು, ಮತ್ತೆ ಮುಚ್ಚಿ ನೋಡಿಕೊಂಡರು. ಆಮೇಲೆ ಎದ್ದು ಕೋಟು ಹಾಕಿಕೊಂಡರು.

ಮೂವರೂ ಟ್ಯಾಕ್ಸಿಯಲ್ಲಿ ಆಸ್ಪತ್ರೆಗೆ ಹೋದೆವು. ಎಡಗಣ್ಣಿನಲ್ಲಿ ಹೋದಷ್ಟು ದೃಷ್ಟಿ ಹೋಯಿತು, ಉಳಿದದ್ದನ್ನು ಉಳಿಸಬಹುದು ಎಂದರು ಡಾಕ್ಟರು. ಎರಡು ವಾರ ಮೊದಲೇ ಬಂದಿದ್ದರೆ ಎಂದು ಕೇಳಿದೆ. "ಅದನ್ನ ಈಗ ಹೇಳೋಕಾಗಲ್ಲ," ಎಂದರು. ಆ ಮಾತು ಇವತ್ತಿಗೂ ನನ್ನ ಹತ್ತಿರ ಇದೆ.

ಅಜ್ಜಿಯನ್ನು ಅವರ ಮನೆಗೆ ಬಿಟ್ಟು ನಾವಿಬ್ಬರೂ ಮಾರ್ಕೆಟ್ಟಿನ ಕಡೆ ನಡೆದು ಬಂದೆವು. ಸಂಜೆಯ ನಾಲ್ಕು ಗಂಟೆ, ಬಿಸಿಲು ಓರೆಯಾಗಿತ್ತು. ಮೀನಿನಂಗಡಿಯವನು ಕೂಗುತ್ತಿದ್ದ, ನೂಡಲ್ ಸೂಪಿನ ಅಂಗಡಿಯಿಂದ ಹಬೆ ಬರುತ್ತಿತ್ತು. ಸನ್ನೆ ಮಾಡುತ್ತಾ ನಡೆದರೆ ಎದುರಿಗೆ ಬರುವವರಿಗೆ ಡಿಕ್ಕಿ. ಅವನು ನನ್ನ ತೋಳು ಹಿಡಿದು ಒಂದು ಸೈಕಲ್ಲಿನಿಂದ ಪಾರುಮಾಡಿದ, ಪಾರುಮಾಡಿದ ಮೇಲೂ ಒಂದು ಗಳಿಗೆ ತೋಳು ಬಿಡಲಿಲ್ಲ.

"ಯಾಕೆ ಕೈ ಎತ್ತಿದಿರಿ?" ಎಂದು ಕೇಳಿದ. ಕೋಪವಿಲ್ಲ, ನಿಜವಾಗಿ ತಿಳಿಯುವ ಆಸೆ.

ಹೇಳಲು ಎಷ್ಟೋ ಸಬೂಬುಗಳಿದ್ದವು. "ಎಲ್ಲರೂ ಎತ್ತಿದ್ರು. ನನ್ನನ್ನ ಹೊಗಳೋರು ಇಲ್ಲದೆ ಹೋಗ್ತಾರೆ ಅಂತ ಹೆದರಿದೆ."

ಅವನು ನನ್ನ ಮುಖ ನೋಡಿದ. "ಇದು ಅರ್ಥ ಆಯ್ತು. ನೋವೂ ಆಯ್ತು."

"ಪರವಾಗಿಲ್ಲ ಅಂದಿರಿ ಆವತ್ತು."

"ಸುಳ್ಳು ಹೇಳಿದೆ. ನಿಮ್ಮ ಗುಂಪಿನ ಸಹವಾಸ."

ನನಗೆ ನಗು ಬಂತು. ನಗುವಿನ ಜೊತೆಗೇ ಅಳುವೂ ಬಂತು. ಇವತ್ತು ಹೇಳದಿದ್ದರೆ ಈ ಜನ್ಮದಲ್ಲಿ ಹೇಳುವುದಿಲ್ಲ ಎನಿಸಿ, ಮೂಲಂಗಿ ರಾಶಿಯ ಪಕ್ಕದಲ್ಲಿ ನಿಂತು ಸನ್ನೆ ಮಾಡಿದೆ. ನೀನಂದ್ರೆ ನನಗೆ ಇಷ್ಟ. ಮಾಡುವಾಗ, ಹಾಳಾದ ಅಭ್ಯಾಸ, ಗಿರಾಕಿಗಳಿಗೆ ನಗುವ ಹಾಗೆ ನಕ್ಕುಬಿಟ್ಟೆ.

ಅವನು ತಲೆಯಲ್ಲಾಡಿಸಿದ. "ಅರ್ಥ ಆಗ್ಲಿಲ್ಲ."

"ಆಗಿದೆ ನಿಂಗೆ! ಬೇಕೂಂತ ಆಡ್ತಿದೀಯ!"

"ಕನ್ನಡಕ ಮಾರ್ತಾ ಇದೀಯಾ, ಇಲ್ಲ ಇಷ್ಟ ಅಂತಿದೀಯಾ?"

ಸಿಟ್ಟು ನೆತ್ತಿಗೇರಿತು. ಐದು ವಾರದ ಚಡಪಡಿಕೆ, ಅರ್ಧ ಎತ್ತಿದ ಕೈ, ಬರೆದು ಅಳಿಸಿದ ಮೆಸೇಜುಗಳು, ಇವನು ಮತ್ತೆ ಎದ್ದು ಹೋದರೆ ಎಂಬ ಭಯ, ಎಲ್ಲವನ್ನೂ ಸೇರಿಸಿ ಎರಡನೆಯ ಸಲ ಹೇಳಿದೆ. ಕಣ್ಣು ತುಂಬಿತ್ತು, ಮೂಗು ಸೋರುತ್ತಿತ್ತು, ಹುಬ್ಬು ಗಂಟಿಕ್ಕಿತ್ತು. ಚಂದವಂತೂ ಕಾಣುತ್ತಿರಲಿಲ್ಲ.

"ಈಗ ಅರ್ಥ ಆಯ್ತು," ಎಂದ ಅವನು. "ನಂಗೂ. ಟೀ ಚೆಲ್ಲಿದಾಗಿನಿಂದ."

ಹಾಗೆಂದು ತೋರುಬೆರಳು ಚಾಚಿ ನನ್ನ ಎರಡು ಹುಬ್ಬುಗಳ ನಡುವೆ ಮೇಲಿನಿಂದ ಕೆಳಕ್ಕೆ ಒಂದು ಗೆರೆ ಎಳೆದ. ಅದೇ ಗೆರೆಯನ್ನು ತನ್ನ ಹುಬ್ಬುಗಳ ನಡುವೆಯೂ ಎಳೆದುಕೊಂಡು ನನ್ನ ಕಡೆ ಬೆರಳು ತೋರಿಸಿದ.

"ಏನದು?"

"ನಿನ್ನ ಹೆಸರು."

"ಇದಾ? ಇನ್ನೊಂಚೂರು ಚಂದದ್ದು ಸಿಗಲಿಲ್ವಾ?"

"ಚಂದದ್ದು ಬೇಕಾದ್ರೆ ನಿಮ್ಮ ಗುಂಪಿನಲ್ಲಿ ಹದಿಮೂರಿವೆ. ಹೋಗಿ ತಗೋ."

ಶುಕ್ರವಾರ ಗುಂಪಿಗೆ ಹೋಗಿ ಅಜ್ಜಿಯ ಕಣ್ಣಿನ ಕತೆಯನ್ನು ನಗದೆ ಹೇಳಿದೆ. ನಾವು ಮೂರು ವರ್ಷ ಒಬ್ಬರಿಗೊಬ್ಬರು ಕಲಿಸಿಕೊಂಡದ್ದು ಒಬ್ಬ ಕಿವುಡ ಅಜ್ಜಿಗೂ ಮುಟ್ಟಲಿಲ್ಲ ಎಂದೆ. ಕೈಗಳು ಮೇಲೇಳಲಿಲ್ಲ. ಇಬ್ಬರು ಆ ಕ್ಷಣವೇ ಹೊರಟುಹೋದರು. "ಅದನ್ನ ಇಷ್ಟು ಒರಟಾಗಿ ಹೇಳಬೇಕಿತ್ತಾ?" ಎಂದರು ಹ್ಯೋಸೂಕ್ ಅಕ್ಕ. ಬೇಕಿತ್ತು ಅಕ್ಕ ಎಂದೆ. ಅವರು ಇನ್ನೂ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ. ಯೆಸೂಲ್ ಮಾತ್ರ ಮರುದಿನ ಮೆಸೇಜು ಹಾಕಿದಳು: 'ಅವರು ನನ್ನ ವಿಡಿಯೋ ಇನ್ನೊಂದ್ಸಲ ನೋಡ್ತಾರಾ ಅಕ್ಕ? ಬೈದ್ರೂ ಪರವಾಗಿಲ್ಲ.'

ನಿನ್ನೆ ಒಬ್ಬ ಹೆಂಗಸು ಕೆಂಪು ಫ್ರೇಮು ಹಾಕಿಕೊಂಡು ಕನ್ನಡಿಯಲ್ಲಿ ತಿರುಗಿ ತಿರುಗಿ ನೋಡಿ, "ಹೇಗಿದೆ?" ಎಂದು ಕೇಳಿದರು.

"ಇದು ನಿಮಗೆ ಒಪ್ಪಲ್ಲ," ಎಂದೆ.

ಮಾವ ಕೆಮ್ಮಿದರು. ಹೆಂಗಸು ಫ್ರೇಮು ತೆಗೆದು, "ನಂಗೂ ಹಾಗೇ ಅನಿಸ್ತಿತ್ತು ನೋಡಿ," ಎಂದು ಪಕ್ಕದ ಕಪ್ಪು ಫ್ರೇಮಿಗೆ ಕೈ ಚಾಚಿದರು.

ಅಷ್ಟರಲ್ಲಿ ಗಾಜಿನ ಬಾಗಿಲಿನಾಚೆ, ರಸ್ತೆಯ ಆ ಬದಿಯಲ್ಲಿ, ತೋಳಿಗೆ ಬಿಳಿ ಪುಡಿ ಮೆತ್ತಿಕೊಂಡ ಒಬ್ಬ ಮನುಷ್ಯ ನಿಂತು ತನ್ನ ಹುಬ್ಬುಗಳ ನಡುವೆ ಬೆರಳಿನಿಂದ ಒಂದು ಗೆರೆ ಎಳೆದ. ಅಷ್ಟು ಜನರ ಗದ್ದಲದಲ್ಲಿ ಯಾರೂ ತಿರುಗಿ ನೋಡಲಿಲ್ಲ.

"ಬಂದೆ ಮಾವ, ನನ್ನನ್ನ ಕರೀತಿದಾರೆ," ಎಂದು ಕೋಟು ತೆಗೆದುಕೊಂಡೆ.